ಲಿಂಗ ಕಟ್ಟುವಾಗ ಕೇಳದ ಪ್ರಶ್ನೆ

(ಪಾಮನಕಲ್ಲೂರಿನ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ನೀರಾವರಿ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಕಳೆದ ತಿಂಗಳ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದಾಗ, ಪ್ರಶ್ನೆ ಹಾಕಲೆಂದು ಇಟ್ಟಿದ್ದ ಡಬ್ಬಿಯಲ್ಲಿ ಒಂದು ಚೀಟಿ ಸಿಕ್ಕಿತು. ಹೆಸರಿರಲಿಲ್ಲ. ಶಾಲೆಯ ನೋಟುಬುಕ್ಕಿನ ಹಾಳೆ, ನಾಲ್ಕು ಮಡಿಕೆ. ಒಂದೇ ಸಾಲು: ‘ಬ್ಯಾರೆಯವರ ಬೀಜದಿಂದ ದವಾಖಾನಿಯೊಳಗ ಆದ ಕೂಸಿಗೆ ಲಿಂಗ ಕಟ್ಟಬಹುದೇನ್ರಿ?’ ಪೂಜ್ಯರು ಅದನ್ನು ಓದಿ ನನ್ನ ಕೈಗೆ ಕೊಟ್ಟು, ‘ಮುಂದಿನ ತಿಂಗಳು ಇದರ ಮೇಲೆ ನೀವೇ ಮಾತಾಡಿ’ ಎಂದರು. ‘ನಾನು ಕಾಲುವೆ ಕೆಲಸ ಮಾಡಿದವನು ಬುದ್ಧೀ, ವೈದ್ಯನಲ್ಲ, ಶಾಸ್ತ್ರ ಓದಿದವನೂ ಅಲ್ಲ’ ಎಂದೆ. ‘ಲೆಕ್ಕ ಗೊತ್ತಲ್ಲ, ಸಾಕು’ ಎಂದರು.

ಚೀಟಿ ಬರೆದ ತಾಯಿ ಈ ಸಭೆಯಲ್ಲೇ ಇರಬಹುದು. ಆಕೆಯನ್ನು ಕೊನೆಯತನಕ ಕಾಯಿಸುವುದು ಸರಿಯಲ್ಲ. ಉತ್ತರ ಈಗಲೇ ಹೇಳುತ್ತೇನೆ. ಕಟ್ಟಬಹುದು, ಕಟ್ಟಲೇಬೇಕು. ಆ ಕೂಸು ನಿಮ್ಮದೇ. ಇನ್ನುಳಿದ ಸಮಯದಲ್ಲಿ ನಾನು ಮಾತಾಡುವುದು ಬೇರೊಂದರ ಬಗ್ಗೆ: ಆ ಪ್ರಶ್ನೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಯಬೇಕಾದ ಪರಿಸ್ಥಿತಿಯನ್ನು ತಂದವರು ಯಾರು? ತಂದವರು ನಾವು. ಅದರಲ್ಲಿ ನನ್ನ ಪಾಲೂ ಇದೆ.

ನನ್ನ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ನಮ್ಮ ಮನೆತನದ ಯಾವ ಕುಬಸ, ಯಾವ ತೊಟ್ಟಿಲ ಕಾರ್ಯ ಇದ್ದರೂ ಎಲ್ಲರಿಗಿಂತ ಮೊದಲು ಹೋಗಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದವಳು ಅವಳು. ಆರತಿ ತಟ್ಟೆ ಎತ್ತುವ ಹೊತ್ತಿಗೆ ಯಾರೂ ಏನೂ ಹೇಳದಿದ್ದರೂ ತಾನೇ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಾ ಕೂಡುತ್ತಿದ್ದಳು. ನನಗೆ ಆಗ ಹತ್ತು ವರ್ಷ. ‘ದೊಡ್ಡವ್ವ ಯಾಕ ಬರಂಗಿಲ್ಲ?’ ಎಂದು ಕೇಳಿದ್ದಕ್ಕೆ ಬೆನ್ನ ಮೇಲೆ ಗುದ್ದು ಬಿತ್ತು. ದೊಡ್ಡಪ್ಪ ಎರಡನೆಯ ಮದುವೆ ಮಾಡಿಕೊಂಡ. ಎರಡನೆಯವಳಿಗೂ ಮಕ್ಕಳಾಗಲಿಲ್ಲ. ಆಗಲೂ ಊರು ಅವರಿಬ್ಬರನ್ನೇ ಬಂಜೆಯರೆಂದಿತು. ದೊಡ್ಡಪ್ಪನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಎರಡು ಪಂಪಿಗೆ ಒಂದೇ ಬಾವಿಯಿಂದ ನೀರು ಬರದಿದ್ದರೆ ಬಾವಿ ನೋಡಬೇಕು ಎಂಬುದು ಎಂಜಿನಿಯರಿಂಗ್ ಓದದವರಿಗೂ ತಿಳಿಯುವ ಮಾತು. ಆದರೆ ಯಾರೂ ನೋಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ, ಜಗತ್ತಿನ ಆರು ಜನರಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ತೊಂದರೆ ಎದುರಾಗುತ್ತದೆ. ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಅದು ವೈದ್ಯರು ನೋಡಬೇಕಾದ ಕಾಯಿಲೆ. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಗೆ ಕೆಲವು ನೂರು ರೂಪಾಯಿ ಸಾಕು, ಸೂಜಿ ಚುಚ್ಚುವುದಿಲ್ಲ, ಹೊಟ್ಟೆ ಕೊಯ್ಯುವುದಿಲ್ಲ. ಆದರೂ ನಮ್ಮಲ್ಲಿ ಕಟ್ಟಕಡೆಗೆ ಆಗುವ ಪರೀಕ್ಷೆ ಅದು. ಹೆಣ್ಣುಮಗಳಿಗೆ ಸ್ಕ್ಯಾನು, ರಕ್ತ, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ, ಗರ್ಭಚೀಲ ಕೆರೆಯುವುದು ಎಲ್ಲ ಮುಗಿದ ಮೇಲೆ ಗಂಡನ ಸರದಿ ಬರುತ್ತದೆ. ಅದೂ ಬಂದರೆ!

ನನ್ನ ಬಂಧುಬಳಗದ ಒಂದು ಜೋಡಿಯ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಊರು ಹೇಳುವುದಿಲ್ಲ, ನೆಂಟಸ್ತಿಕೆಯನ್ನೂ ಹೇಳುವುದಿಲ್ಲ. ದಯವಿಟ್ಟು ಯಾರೂ ಹುಡುಕಲು ಹೋಗಬೇಡಿ.

ಮದುವೆಯಾಗಿ ಆರು ವರ್ಷ ಆಕೆಗಷ್ಟೇ ಚಿಕಿತ್ಸೆ ನಡೆಯಿತು. ಹರಕೆ, ಉಪವಾಸ, ಬೇರು, ಭಸ್ಮ, ಒಂದು ಪೇಟೆಯ ದವಾಖಾನೆಯಿಂದ ಇನ್ನೊಂದು ಪೇಟೆಯ ದವಾಖಾನೆ. ಆರನೆಯ ವರ್ಷ ಒಬ್ಬ ವೈದ್ಯೆ ಆಕೆಯ ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟು, ‘ಮೊದಲು ನಿಮ್ಮ ಯಜಮಾನರದು ತೋರಿಸಿ’ ಎಂದರು. ವರದಿ ಬಂತು. ವೀರ್ಯಾಣುಗಳು ತೀರಾ ಕಡಿಮೆ. ಆರು ವರ್ಷ ಆಕೆ ತಿಂದ ಮಾತ್ರೆಗಳು, ಕೇಳಿದ ಮಾತುಗಳು ಎಲ್ಲ ದಂಡ. ಅವತ್ತು ಆ ಹುಡುಗ ಮನೆಗೆ ಬಂದು ಮೂರು ದಿನ ಹೊಲದ ಗುಡಿಸಲಲ್ಲೇ ಮಲಗಿದ. ಅವನ ನೋವೂ ದೊಡ್ಡದೇ. ಗಂಡಸುತನ ಬೇರೆ, ವೀರ್ಯಾಣುಗಳ ಸಂಖ್ಯೆ ಬೇರೆ ಎಂದು ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ಮುಂದಿನದು ಐವಿಎಫ್, ನಾವು ಪ್ರನಾಳ ಶಿಶು ಎನ್ನುವುದು. ಹೆಣ್ಣಿಗೆ ಹತ್ತು ಹನ್ನೆರಡು ದಿನ ಚುಚ್ಚುಮದ್ದು ಕೊಟ್ಟು, ಒಂದರ ಬದಲು ಹಲವು ಅಂಡಾಣು ಬೆಳೆಸಿ, ಅರಿವಳಿಕೆ ಕೊಟ್ಟು ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಂದಿಗೆ ಸೇರಿಸಿ, ಆದ ಭ್ರೂಣವನ್ನು ಗರ್ಭದಲ್ಲಿ ಬಿಡುತ್ತಾರೆ. ಜಗತ್ತಿನಲ್ಲಿ ಹೀಗೆ ಹುಟ್ಟಿದ ಮೊದಲ ಮಗು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಎರಡೂವರೆ ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಮಗು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮುಂಬಯಿಯಲ್ಲಿ 1986ರಲ್ಲಿ ಇಂಥದೇ ಸಾಧನೆ ಮಾಡಿ ‘ಮೊದಲಿಗ’ ಎನಿಸಿಕೊಂಡಿದ್ದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವರೇ ಮುಂದೆ ಆ ಕಾಗದಪತ್ರಗಳನ್ನು ಓದಿ, ಮೊದಲಿಗ ನಾನಲ್ಲ, ಅವರು ಎಂದು ಸಾರಿದರು. ತನಗೆ ಬಂದ ಹಿರಿಮೆಯನ್ನು ಸಲ್ಲಬೇಕಾದವರಿಗೆ ಸಲ್ಲಿಸುವುದು ಶರಣರ ನಡೆ. ಅದಕ್ಕಾಗಿ ಈ ಹೆಸರನ್ನು ಇಲ್ಲಿ ನೆನೆದೆ.

ಈಗ ದುಡ್ಡಿನ ಲೆಕ್ಕ. ಖಾಸಗಿಯಲ್ಲಿ ಒಂದು ಸಲದ ಐವಿಎಫ್‌ಗೆ ಔಷಧಿ ಸೇರಿ ಸುಮಾರು ಒಂದರಿಂದ ಎರಡೂವರೆ ಲಕ್ಷ ರೂಪಾಯಿ ಬೀಳುತ್ತದೆ. ಹೋಗಿ ಬರುವ ಖರ್ಚು, ಲಾಡ್ಜಿನ ಬಾಡಿಗೆ, ಕಳೆದುಕೊಂಡ ಕೂಲಿ ಬೇರೆ. ಫಲ ಎಷ್ಟು? ಹೆಣ್ಣಿನ ವಯಸ್ಸು 35ರ ಒಳಗಿದ್ದರೆ ಒಂದು ಸಲಕ್ಕೆ ಸುಮಾರು ಮೂರರಲ್ಲಿ ಒಂದು ಎಂದು ಹಿಡಿಯಿರಿ. ವಯಸ್ಸು 40 ದಾಟಿದರೆ, ಸ್ವಂತ ಅಂಡಾಣುವಿನಿಂದಾದರೆ, ಅದು ತೀರಾ ಇಳಿಯುತ್ತದೆ.

‘ಮೂರರಲ್ಲಿ ಒಂದು ಅಂದರ ಮೂರು ಸಲ ಮಾಡಿಸಿದರ ಆತಲ್ಲ’ ಎಂದು ಆ ಹುಡುಗನ ಅಪ್ಪ ನನ್ನ ಮುಂದೆ ಬೆರಳು ಎಣಿಸಿದ. ಹಾಗಲ್ಲ. ಇಪ್ಪತ್ತೇಳು ಜೋಡಿ ಹೋದರು ಎನ್ನಿ. ಮೊದಲ ಸಲ ಒಂಬತ್ತು ಜೋಡಿಗೆ ಫಲ, ಹದಿನೆಂಟು ಜೋಡಿ ಉಳಿದರು. ಎರಡನೆಯ ಸಲ ಆರಕ್ಕೆ ಫಲ, ಹನ್ನೆರಡು ಉಳಿದರು. ಮೂರನೆಯ ಸಲ ನಾಲ್ಕಕ್ಕೆ ಫಲ. ಮೂರೂ ಸಲ ದುಡ್ಡು ಕಟ್ಟಿ ಎಂಟು ಜೋಡಿ ಬರಿಗೈಲಿ ಮನೆಗೆ ಬಂದರು. ಇದು ವೈದ್ಯರ ಮೋಸವಲ್ಲ, ಈ ಚಿಕಿತ್ಸೆಯ ಸ್ವಭಾವವೇ ಹೀಗೆ. ಆದರೆ ಈ ಎಂಟು ಜೋಡಿಯ ಫೋಟೋ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ನಮ್ಮವರು ಮೊದಲ ಸಲಕ್ಕೆ ಒಂದು ಎಕರೆ ಮಾರಿದರು. ಎರಡನೆಯ ಸಲಕ್ಕೆ ಎರಡು ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ತಿಂಗಳಿಗೆ ಆರು ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ, ಅಸಲು ಹಾಗೇ ಇರುತ್ತದೆ. ಎರಡೂ ಸಲ ಗರ್ಭ ನಿಲ್ಲಲಿಲ್ಲ. ಹೊಟ್ಟೆ ತುಂಬಲಿಲ್ಲ, ಹೊಲ ಹೋಯಿತು, ಬಡ್ಡಿ ಮಾತ್ರ ಹುಟ್ಟುತ್ತಲೇ ಹೋಯಿತು.

ಈ ಊರಿನವರಿಗೆ ನೀರಿನ ನ್ಯಾಯ ಹೇಳಿಕೊಡುವ ಅಗತ್ಯವಿಲ್ಲ. 2020ರಲ್ಲಿ 5ಎ ಕಾಲುವೆ ಬೇಕೆಂದು ಇದೇ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತದ್ದು ಇಡೀ ನಾಡಿಗೆ ಗೊತ್ತು. ಕಾಲುವೆಯ ತಲೆಭಾಗದವರು ಭತ್ತ ಬೆಳೆಯುತ್ತಾರೆ, ಕೊನೆಭಾಗದವರು ಗೇಟಿನ ಕಡೆ ನೋಡುತ್ತಾ ಕೂಡುತ್ತಾರೆ. ನಾನು ಮೂವತ್ನಾಲ್ಕು ವರ್ಷ ನೋಡಿದ್ದು ಇದನ್ನೇ. ಸಂತಾನ ಚಿಕಿತ್ಸೆಯಲ್ಲೂ ನಾವು ಕೊನೆಭಾಗದವರು. ಆಯುಷ್ಮಾನ್ ಭಾರತ ಯೋಜನೆ ಈ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಆದರೆ ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಆರಂಭಿಸಿದರು. ದಿಲ್ಲಿಯ ಏಮ್ಸ್‌ನಲ್ಲಿ ಖಾಸಗಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ನಮಗೆ 371ಜೆ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ರಾಯಚೂರಿನ ರಿಮ್ಸ್‌ನಲ್ಲಿ ಬಡವರಿಗೆ ಪೂರ್ಣ ಪ್ರಮಾಣದ ಸಂತಾನ ಚಿಕಿತ್ಸಾ ಘಟಕ ಬೇಕೆಂದು ಕೇಳಲು ನಾಚಿಕೆ ಯಾಕೆ? ರಸ್ತೆಗೆ ಮನವಿ ಕೊಟ್ಟಿದ್ದೇವೆ, ನೀರಿಗೆ ಕೊಟ್ಟಿದ್ದೇವೆ. ಇದಕ್ಕೂ ಕೊಡೋಣ.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ಎರಡು ಸಲ ವಿಫಲವಾದ ಮೇಲೆ ವೈದ್ಯೆ ದಾನಿಯ ವೀರ್ಯಾಣು ಬಳಸುವ ದಾರಿಯಿದೆ ಎಂದರು. ಇಬ್ಬರೂ ಯೋಚಿಸಿ ಒಪ್ಪಿದರು. ಮನೆಯ ಹಿರಿಯರಿಗೂ ತಿಳಿಸಬೇಕೆಂದು ಒಂದು ಸಂಜೆ ನಮ್ಮ ಮನೆಗೆ ಬಂದರು. ಓದಿದವನು, ಗೋಷ್ಠಿಗಳಲ್ಲಿ ಬಸವತತ್ವ ಮಾತಾಡುವವನು ಎಂಬ ಭರವಸೆ. ಎಲ್ಲ ಕೇಳಿಸಿಕೊಂಡ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಇದು: ‘ಕೊಡೋರು ನಮ್ಮವರೇ ಏನು?’

ಹುಡುಗ ತಲೆ ತಗ್ಗಿಸಿದ. ಆಕೆ ಚಹದ ಕಪ್ಪನ್ನು ಕೆಳಗಿಟ್ಟಳು. ‘ಅಪ್ಪಾಜಿ, ಕೂಸು ಹುಟ್ಟಿದ ಮ್ಯಾಲ ಲಿಂಗ ಕಟ್ಟಾಕ ನಿಮ್ಮನ್ನೇ ಕರೀಬೇಕಂತ ಮಾಡಿದ್ವಿ. ಕಟ್ಟೂ ಮುಂದ ಲಿಂಗಾನೂ ಇದನ್ನ ಕೇಳತೈತೇನ್ರಿ?’ ಎಂದಳು. ಅಷ್ಟೇ. ದನಿ ಎತ್ತಲಿಲ್ಲ. ನನ್ನ ಹೆಂಡತಿ ಒಳಗೆ ಎದ್ದುಹೋದಳು. ಆ ರಾತ್ರಿ ನನಗೆ ಊಟ ಇಳಿಯಲಿಲ್ಲ.

ನೋಡಿ ಬಂಧುಗಳೇ, ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿದ್ದಕ್ಕೆ ಕಲ್ಯಾಣ ಹೊತ್ತಿ ಉರಿಯಿತು ಎಂದು ಎಷ್ಟು ವೇದಿಕೆಗಳಲ್ಲಿ ನಾನು ಗದ್ಗದನಾಗಿ ಹೇಳಿದ್ದೇನೆ! ಹುಟ್ಟಿನಿಂದ ಹಿರಿಮೆ ಇಲ್ಲ ಎಂದು ಎಣಿಸಲಾರದಷ್ಟು ಸಲ ಹೇಳಿದ್ದೇನೆ. ಕಣ್ಣಿಗೆ ಕಾಣದ ಒಂದು ವೀರ್ಯಾಣುವಿನ ಜಾತಿ ಕೇಳುವಾಗ ಅದೊಂದೂ ನೆನಪಾಗಲಿಲ್ಲ. ಗರ್ಭದಲ್ಲಿರುವಾಗ ಎಂಟನೆಯ ತಿಂಗಳಲ್ಲೇ ಕೂಸಿಗೆಂದು ಲಿಂಗ ಕಟ್ಟುವ ರೂಢಿ ನಮ್ಮದು. ಮುಖ ನೋಡಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಆದರೂ ಕಟ್ಟುತ್ತೇವೆ. ಏನನ್ನೂ ಕೇಳದೆ ಒಪ್ಪಿಕೊಳ್ಳುವ ಆ ಸಂಸ್ಕಾರವನ್ನು ಹಿರಿಯರು ಕೊಟ್ಟಿದ್ದಾರೆ. ನಾವು ಅದಕ್ಕೆ ಅರ್ಜಿ ನಮೂನೆ ಸೇರಿಸುತ್ತಿದ್ದೇವೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ನೆರವಿನ ಸಂತಾನ ತಂತ್ರಜ್ಞಾನ ಕಾಯ್ದೆ 2021ರದು, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದಾನಿಯ ನೆರವಿನಿಂದ ಹುಟ್ಟಿದ ಮಗು ಚಿಕಿತ್ಸೆ ಪಡೆದ ದಂಪತಿಗಳದೇ ಮಗು. ಆಸ್ತಿ, ಹೆಸರು, ಹಕ್ಕು ಎಲ್ಲ ಹೊಟ್ಟೆಯ ಮಕ್ಕಳಂತೆಯೇ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ನೋಂದಾಯಿತ ಬ್ಯಾಂಕಿನ ಮೂಲಕವೇ, ರೋಗ ಪರೀಕ್ಷೆ ಆದ ಮೇಲೆಯೇ ಪಡೆಯಬೇಕು. ಒಬ್ಬ ದಾನಿಯದನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಚಿಕಿತ್ಸೆ ಪಡೆಯುವ ಹೆಣ್ಣಿಗೆ 50, ಗಂಡಿಗೆ 55 ವಯಸ್ಸಿನ ಮಿತಿ. ಗಂಡುಮಗುವೇ ಬೇಕೆಂದು ಆರಿಸಿಕೊಡುವುದು ಅಪರಾಧ. ಈ ಕೊನೆಯದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ‘ಇಷ್ಟು ಖರ್ಚು ಮಾಡತೀವಿ, ಗಂಡಾದರ ಚಲೋ ಇತ್ತು’ ಎನ್ನುವವರು ನಮ್ಮ ನಡುವೆ ಇದ್ದಾರೆ.

ಅಂಡಾಣು ಕೊಡುವ ಹೆಣ್ಣುಮಗಳನ್ನು ಕೂಡ ಮರೆಯಬಾರದು. ವೀರ್ಯ ಕೊಡುವುದು ಸುಲಭ, ಅಂಡಾಣು ಕೊಡುವುದು ಹಾಗಲ್ಲ. ಅದೇ ಹತ್ತು ಹನ್ನೆರಡು ದಿನದ ಚುಚ್ಚುಮದ್ದು, ಅದೇ ಅರಿವಳಿಕೆ. ಅಂಡಾಶಯ ಉಬ್ಬಿ ಜೀವಕ್ಕೆ ಕುತ್ತು ಬರುವುದೂ ಉಂಟು. ಅದಕ್ಕೇ ಕಾನೂನು 23ರಿಂದ 35 ವಯಸ್ಸಿನವರು, ಜೀವಮಾನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಬಾರದು, ಪಡೆಯುವವರು ಆಕೆಗೆ ಹನ್ನೆರಡು ತಿಂಗಳ ವಿಮೆ ಮಾಡಿಸಬೇಕು ಎಂದು ಕಟ್ಟು ಹಾಕಿದೆ. ಮಾರುವುದು, ಕೊಳ್ಳುವುದು ನಿಷಿದ್ಧ. ಆಕೆಯ ಬಡತನವನ್ನು ಕೊಂಡು ತಂದು ಅದಕ್ಕೆ ದಾನ ಎಂದು ಹೆಸರಿಟ್ಟರೆ ಅದು ದಾಸೋಹವಲ್ಲ. ಕಡಿಮೆ ಬೆಲೆಗೆ, ಕಾಗದಪತ್ರ ಇಲ್ಲದೆ ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿ ಬಂದರೆ ಅಲ್ಲಿಂದಲೇ ಎದ್ದು ಬನ್ನಿ. ದವಾಖಾನೆಯ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ವಯಸ್ಸಿನ ಮಾತು ಕೆಲವರಿಗೆ ಕಠಿಣ ಎನಿಸಬಹುದು. 2019ರ ಸೆಪ್ಟೆಂಬರಿನಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಅವಳಿ ಹೆಣ್ಣುಮಕ್ಕಳಾದ ಸುದ್ದಿ ನೀವು ಓದಿರಬಹುದು. ಅಷ್ಟು ವರ್ಷ ಆಕೆಯನ್ನು ಬಂಜೆ ಎಂದವರು ಯಾರು ಎಂದು ನಾವು ಕೇಳಬೇಕು. ಆ ಮಕ್ಕಳನ್ನು ಮುಂದೆ ಎತ್ತಿ ಆಡಿಸುವವರು ಯಾರು ಎಂದೂ ಕೇಳಬೇಕು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ 2023ರಲ್ಲಿ ಒಂದು ಬಾಡಿಗೆ ತಾಯ್ತನದ ಪ್ರಕರಣ ಬಂತು. ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿ, ಗಂಡನ ವಯಸ್ಸು ಮಿತಿ ದಾಟಿತ್ತು. ನ್ಯಾಯಾಲಯ ಬಾಗಿಲು ಮುಚ್ಚಲಿಲ್ಲ, ಮೂರು ಪರೀಕ್ಷೆ ಹೇಳಿತು: ಆನುವಂಶಿಕ, ದೈಹಿಕ, ಆರ್ಥಿಕ. ಮಗುವನ್ನು ಎತ್ತಿ ಸಾಕುವ ಶಕ್ತಿ ಇದೆಯೇ, ಅದರ ಮುಂದಿನ ಬದುಕಿಗೆ ಆಧಾರ ಇದೆಯೇ ಎಂಬ ಪ್ರಶ್ನೆ. ಇದನ್ನು ನಾವು ನಮ್ಮ ಮನೆಗಳಲ್ಲೂ ಕೇಳಿಕೊಳ್ಳಬಹುದು. ಮಗುವನ್ನು ಪಡೆಯಲು ಇದ್ದ ಹೊಲವನ್ನೆಲ್ಲ ಮಾರಿದರೆ, ಮಗು ಬಂದ ಮೇಲೆ ಅದಕ್ಕೆ ಏನು ಉಣಿಸುತ್ತೀರಿ? ಎಷ್ಟು ಸಲ, ಎಷ್ಟು ದುಡ್ಡು ಎಂಬ ಗೆರೆಯನ್ನು ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ಗಂಡ ಹೆಂಡತಿ ಕೂತು ಎಳೆಯಬೇಕು. ಮೆಟ್ಟಿಲು ಹತ್ತಿದ ಮೇಲೆ ಎಳೆಯುವುದು ಬಹಳ ಕಷ್ಟ.

ಮಗುವಿಗೆ ಹೇಳಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರ ನಂತರ ದಾನ ಮಾಡಿದವರ ಗುರುತನ್ನು ಮಗು 18 ತುಂಬಿದ ಮೇಲೆ ಕೇಳಿ ತಿಳಿಯಬಹುದು. ನಮ್ಮಲ್ಲಿ ದಾನಿಯ ಗುರುತು ಗುಪ್ತ. ಆದರೆ ದಾನಿ ಯಾರೆಂಬುದು ಬೇರೆ, ತಾನು ಹೇಗೆ ಬಂದೆನೆಂಬುದು ಬೇರೆ. ಎರಡನೆಯದನ್ನು ಮಗು ಅಪ್ಪ ಅವ್ವನ ಬಾಯಿಂದಲೇ, ಸಣ್ಣದಿರುವಾಗಲೇ, ಕಥೆ ಕೇಳಿದಂತೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಆಸ್ತಿ ಜಗಳದ ದಿನ ಚಿಗಪ್ಪನ ಬಾಯಿಂದ ಕೇಳಬಾರದು. ಊರಿಗೆ ಹೇಳುವ ಅಗತ್ಯ ಮಾತ್ರ ಇಲ್ಲ. ಆ ಕಥೆ ಮಗುವಿನ ಸ್ವಂತದ್ದು.

ಎಲ್ಲ ಮಾಡಿಯೂ ಮಗುವಾಗದ ಎಂಟು ಜೋಡಿಯ ಮಾತು ಆಡದೆ ಕೂತರೆ ನನ್ನ ಉಪನ್ಯಾಸ ಜಾಹೀರಾತಾಗುತ್ತದೆ. ಅವರಿಗೆ ದತ್ತು ಒಂದು ದಾರಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿದರೆ ಹೆಸರು ನೋಂದಾಯಿಸುವ ಕ್ರಮ ತಿಳಿಸುತ್ತಾರೆ. ಕಾಯಬೇಕಾದ ಕಾಲ ದೀರ್ಘ, ಆದರೆ ದಾರಿ ನೇರ. ಯಾರದೋ ಕೂಸನ್ನು ದುಡ್ಡು ಕೊಟ್ಟು ತರುವುದು ಅಪರಾಧ. ದತ್ತೂ ಬೇಡ, ನಾವಿಬ್ಬರೇ ಇರುತ್ತೇವೆ ಎನ್ನುವುದೂ ಒಂದು ದಾರಿ, ಅದಕ್ಕೂ ಇಷ್ಟೇ ಗೌರವ ಸಲ್ಲಬೇಕು.

ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯನ್ನು ನಾವು ಎಂಟು ನೂರು ವರ್ಷಗಳಿಂದ ನೆನೆಯುತ್ತಿದ್ದೇವೆ. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿರುಗಿ ಕಳಿಸಿದ ತಾಯಿ ಅವಳು. ಅವರಿಗೆ ಮಕ್ಕಳಿದ್ದರೇ ಎಂದು ಯಾವತ್ತಾದರೂ ಯಾರಾದರೂ ಕೇಳಿದ್ದೀರಾ? ನಾನೂ ಕೇಳಿಲ್ಲ. ಕೇಳಬೇಕೆಂದೇ ಅನಿಸಲಿಲ್ಲ. ಅವರ ಹೆಸರನ್ನು ಉಳಿಸಿದ್ದು ಅವರ ಕಾಯಕ. ಹಾಗಿದ್ದರೆ ಪಕ್ಕದ ಮನೆಯ ದಂಪತಿಯನ್ನು ಕಂಡ ಕೂಡಲೇ ‘ಏನಾದರೂ ವಿಶೇಷ ಐತೇನು?’ ಎಂದು ಯಾಕೆ ಕೇಳುತ್ತೇವೆ?

ಕೊನೆಗೆ ಈ ಸಭೆಗೆ ನನ್ನ ಬಿನ್ನಹ ಇಷ್ಟು. ಪರೀಕ್ಷೆಗೆ ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹೋಗಲಿ. ಬಂಜೆ ಎಂಬ ಮಾತು ನಮ್ಮ ಮನೆಗಳಲ್ಲಿ ಇಲ್ಲದಾಗಲಿ. ಕುಬಸಕ್ಕೆ, ತೊಟ್ಟಿಲಿಗೆ ಮಕ್ಕಳಿಲ್ಲದ ತಾಯಂದಿರ ಕೈಗೇ ಮೊದಲು ಆರತಿ ತಟ್ಟೆ ಕೊಡಿ. ರಿಮ್ಸ್ ಘಟಕಕ್ಕಾಗಿ ಬರೆದ ಮನವಿ ಬಾಗಿಲ ಬಳಿ ಇದೆ, ಸಹಿ ಮಾಡಿ ಹೋಗಿ.

ನಾನು ಹೇಳಿದ ಆ ಜೋಡಿಯ ಮನೆಯಲ್ಲಿ ಇವತ್ತು ಕೂಸು ಇದೆಯೋ ಇಲ್ಲವೋ, ಇದ್ದರೆ ಯಾವ ದಾರಿಯಿಂದ ಬಂತು ಎಂದು ನಿಮ್ಮಲ್ಲಿ ಹಲವರಿಗೆ ಕುತೂಹಲ ಇರಬಹುದು. ಅದನ್ನು ಹೇಳುವುದಿಲ್ಲ. ಆಕೆಯ ಬಳಿಗೆ ಹೋಗಿ ತಪ್ಪಾಯಿತು ತಾಯೀ ಎಂದಿದ್ದೇನೆ, ಅಷ್ಟು ಮಾತ್ರ ಹೇಳುತ್ತೇನೆ.

ಚೀಟಿ ಬರೆದ ತಾಯೀ, ಪೂಜ್ಯರ ಜೊತೆ ಮಾತಾಡಿದ್ದೇನೆ. ಕೂಸನ್ನು ಕರೆದುಕೊಂಡು ಬನ್ನಿ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ.